ಕೆಟಲಿನ ಒಳಗಿನ ಬಿಳುಪು

ನನ್ನ ಹೆಸರಿನ ಮುಂದೆ ಎರಡು ಸಾವಿರದ ಮುನ್ನೂರ ಆರು ‘ಒಳ್ಳೆಯದು’ ಇದ್ದವು. ‘ಕೆಟ್ಟದ್ದು’ ಒಂದೂ ಇರಲಿಲ್ಲ. ಕೊಂಡವರು ಕೊಟ್ಟ ಆ ಲೆಕ್ಕವನ್ನು ಫೋನಿನಲ್ಲಿ ಹರಾಜಿನ ಪುಟ ತೆರೆದು ಯಾರು ಬೇಕಾದರೂ ನೋಡಬಹುದಿತ್ತು. ನಮ್ಮ ಊರು ಮೊರಿಯೊಕಾದಲ್ಲಿ ಹಳೆ ಸಾಮಾನು ಮಾರುವವರು ಬೇಕಾದಷ್ಟು ಜನ ಇದ್ದಾರೆ, ಬೋರ್ಡು ಹಾಕಿಕೊಂಡು ಅಂಗಡಿ ಇಟ್ಟವರೂ ಇದ್ದಾರೆ. ಅವರಲ್ಲಿ ಒಬ್ಬರಿಗೂ ಆ ಸೊನ್ನೆ ಇರಲಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಹನ್ನೊಂದು ವರ್ಷ ಅಡುಗೆಮನೆಯ ಮೇಜಿನ ಮುಂದೆ ಕೂತು ಸಂಪಾದಿಸಿದ ಜಂಬ ಅದು.

ಗುಟ್ಟೇನೂ ಇಲ್ಲ. ನಾನು ಮೊದಲು ದೋಷ ಹೇಳುತ್ತೇನೆ. ಬೇರೆಯವರು ಬಟ್ಟಲಿನ ಮೇಲಿನ ಹೂವಿನ ಚಿತ್ತಾರ ಮೊದಲು ತೋರಿಸಿ, ಮುರಿದ ಅಂಚನ್ನು ಒಂಬತ್ತನೆಯ ಫೋಟೊದ ಮೂಲೆಯಲ್ಲಿ ಅಡಗಿಸುತ್ತಾರೆ. ನನ್ನದು ಮುರಿದ ಅಂಚೇ ಮೊದಲು. ಅಳತೆ ಗೊತ್ತಾಗಲಿ ಅಂತ ಪಕ್ಕದಲ್ಲಿ ಒಂದು ಬೆಂಕಿಕಡ್ಡಿ. ಫೋಟೊ ತೆಗೆಯುವುದು ಬೆಳಗಿನ ಹತ್ತು ಗಂಟೆಗೆ, ಉತ್ತರದ ಕಿಟಕಿಯ ಬೆಳಕಿನಲ್ಲಿ. ಆ ಬೆಳಕು ಯಾವುದನ್ನೂ ಚೆಂದ ಮಾಡುವುದಿಲ್ಲ. ನನ್ನ ವಸ್ತು ಕೊಳ್ಳುವವರಲ್ಲಿ ಮುಕ್ಕಾಲು ಪಾಲು ಸಮುದ್ರದ ಆಚೆಯವರು. ತೈವಾನಿನವರು, ಶಾಂಘೈಯವರು, ಬುಸಾನಿನವರು. ಅವರು ಮುಟ್ಟಿ ನೋಡುವಂತಿಲ್ಲ, ಅವರ ಪರವಾಗಿ ನಾನೇ ಮುಟ್ಟಿ ನೋಡಿ ನಿಜ ಹೇಳಬೇಕು. ಗುರುವಾರ ಗುರುವಾರ ಸಮುದಾಯ ಭವನದಲ್ಲಿ ಹನ್ನೆರಡು ಹೆಂಗಸರಿಗೆ ಇದನ್ನೇ ಪಾಠ ಹೇಳಿಕೊಡುತ್ತೇನೆ.

ತೈವಾನಿನ ತೈನಾನ್ ಊರಿನ ಚುಂಗ್ ನನ್ನ ಹಳೆಯ ಗಿರಾಕಿ. ಅಲ್ಲಿ ಟೀ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ಆರು ವರ್ಷದಲ್ಲಿ ನನ್ನಿಂದ ನಲವತ್ತೊಂದು ವಸ್ತು ಕೊಂಡಿದ್ದಾಳೆ. ನಾನು ನನ್ನ ಭಾಷೆಯಲ್ಲಿ ಬರೆಯುತ್ತೇನೆ, ಅವಳು ಅವಳ ಭಾಷೆಯಲ್ಲಿ ಬರೆಯುತ್ತಾಳೆ, ನಡುವೆ ಫೋನು ಅನುವಾದ ಮಾಡಿಕೊಡುತ್ತದೆ. ನನ್ನನ್ನು ‘ಗುರುಗಳೇ’ ಅನ್ನುತ್ತಾಳೆ. ಅವಳಿಗೆ ಬೇಕಾಗಿದ್ದದ್ದು ನಮ್ಮ ಊರಿನ ಕಬ್ಬಿಣದ ಕೆಟಲು, ಅದೂ ಒಳಗೆ ಬೆಳ್ಳಗಾದದ್ದು. ದಿನಾ ನೀರು ಕುದಿಸಿ ಕುದಿಸಿ ಒಳಮೈಗೆ ಬಿಳಿ ಪದರ ಕೂರುತ್ತದಲ್ಲ, ಆಮೇಲೆ ಅದರ ನೀರು ಮೃದುವಾಗುತ್ತದೆ, ಟೀ ಸಿಹಿಯಾಗುತ್ತದೆ. ಹೊಸ ಕೆಟಲು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಆ ಬಿಳುಪು ಮಾತ್ರ ಒಂದು ಮನೆಯವರು ಹತ್ತಾರು ವರ್ಷ ಕೂತು ಬೆಳೆಸಬೇಕು. ಒಳಗೆ ಬೆರಳು ಕೂಡ ಇಡಬಾರದು, ತೊಳೆಯುವ ಮಾತಂತೂ ದೂರ ಅಂತ ಚುಂಗ್‌ಗೆ ಹೇಳಿಕೊಟ್ಟವಳೂ ನಾನೇ.

ಅಂಥದ್ದೊಂದು ನಮ್ಮ ಮನೆಯಲ್ಲೇ ಇತ್ತು, ಅತ್ತೆಯ ಕಾಲದ್ದು. ಕಳೆದ ವರ್ಷ ನನ್ನ ಗಂಡನ ಅಕ್ಕ ಕಿನುಯೊ ನಮ್ಮ ಜೊತೆ ಇರಲು ಬಂದರು. ಎಪ್ಪತ್ತೊಂಬತ್ತು ವರ್ಷ. ಬಂದ ಮೇಲೆ ಎರಡು ಸಲ ಗ್ಯಾಸ್ ಒಲೆ ಆರಿಸುವುದನ್ನು ಮರೆತರು. ವಯಸ್ಸಾದ ಮೇಲೆ ಇದೆಲ್ಲ ಆಗುವುದೇ ಅಂದುಕೊಂಡು ಗ್ಯಾಸ್ ತೆಗೆಸಿ ಕರೆಂಟಿನ ಒಲೆ ಹಾಕಿಸಿದೆವು. ಹೊಸ ಒಲೆಗೆ ಕೆಟಲಿನ ಪುಟ್ಟ ಬುಡ ಗುರುತೇ ಸಿಗಲಿಲ್ಲ, ಇಟ್ಟಾಗಲೆಲ್ಲ ಒಲೆ ಕಾಯದೆ ಕುಂಯ್ ಅನ್ನುತ್ತಿತ್ತು. ಸುಮ್ಮನೆ ಕೂತು ತುಕ್ಕು ಹಿಡಿಯುವುದಕ್ಕಿಂತ ಚುಂಗ್ ಕೈ ಸೇರಲಿ ಅಂತ ಹರಾಜಿಗೆ ಹಾಕಿದೆ. ಹರಾಜು ಅಂದ ಮೇಲೆ ಹರಾಜೇ, ಅವಳಿಗೆ ಅಂತ ಎತ್ತಿಡಲಿಲ್ಲ. ಭಾನುವಾರ ಸಂಜೆ ಶಾಂಘೈಯ ಯಾರೋ ಒಬ್ಬ ಅವಳ ಜೊತೆ ಕೊನೇ ನಿಮಿಷದವರೆಗೂ ಜಿದ್ದಿಗೆ ಬಿದ್ದ. ಎರಡು ಲಕ್ಷದ ಹದಿನಾಲ್ಕು ಸಾವಿರ ಯೆನ್‌ಗೆ ಚುಂಗ್ ಗೆದ್ದಳು. "ಆರು ವರ್ಷ ಕಾದೆ, ಗುರುಗಳೇ" ಅಂತ ಬರೆದಳು.

ಇಲ್ಲಿ ಒಂದು ಹಳೆ ಕತೆ ಹೇಳಬೇಕು. ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಇಪ್ಪತ್ತಮೂರನೇ ವಯಸ್ಸಿನಲ್ಲಿ. ಬಂದ ತಿಂಗಳಲ್ಲೇ, ಅತ್ತೆಯ ಹತ್ತಿರ ಶಹಭಾಸ್ ಅನ್ನಿಸಿಕೊಳ್ಳಬೇಕು ಅಂತ, ಇದೇ ಕೆಟಲಿನ ಒಳಗೆ ಮರಳು ಹಾಕಿ ಗಸಗಸ ಉಜ್ಜಿ ಪಳಪಳ ಮಾಡಿದೆ. ಅತ್ತೆ ಮೂರು ದಿನ ಮಾತಾಡಲಿಲ್ಲ. ಆಗ ತವರಿಗೆ ಬಂದಿದ್ದ ಕಿನುಯೊ ಅಕ್ಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ನಲವತ್ತಮೂರು ವರ್ಷ ಆ ಕತೆಯನ್ನು ಬಿಡಲಿಲ್ಲ. ಹೊಸ ವರ್ಷದ ಊಟದಲ್ಲಿ ಹೇಳಿದರು, ನಮ್ಮ ಮಗಳ ಮದುವೆಯಲ್ಲಿ ಬೀಗರ ಮುಂದೆ ಹೇಳಿದರು, ಅತ್ತೆ ತೀರಿಕೊಂಡ ದಿನವೂ ಅಳುತ್ತ ಅಳುತ್ತ ಹೇಳಿದರು. ಹಾಗಾಗಿ ಈಗ ಕೆಟಲಿನ ಒಳಗಿದ್ದ ಬಿಳುಪು ಅತ್ತೆಯದಲ್ಲ. ಮೊದಲಿನಿಂದ ಶುರು ಮಾಡಿ ದಿನಾ ನೀರು ಕಾಯಿಸಿ ಬೆಳೆಸಿದ್ದು ನಾನು. ಚುಂಗ್ ಹಣ ಕೊಟ್ಟದ್ದು ನನ್ನ ನಲವತ್ತಮೂರು ವರ್ಷಕ್ಕೆ.

ಸೋಮವಾರ ಮಧ್ಯಾಹ್ನ ದಪ್ಪ ರಟ್ಟಿನ ಪೆಟ್ಟಿಗೆ ತರಲು ಹೋದೆ. ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಅಡುಗೆಮನೆಯಲ್ಲಿ ಕಿನುಯೊ ಅಕ್ಕ ಅಂಗಿಯ ತೋಳು ಮಡಚಿಕೊಂಡು ಸಿಂಕಿನ ಮುಂದೆ ನಿಂತಿದ್ದರು. ಕೈಯಲ್ಲಿ ಪಾತ್ರೆ ಉಜ್ಜುವ ಉಕ್ಕಿನ ನಾರು. ಸಿಂಕಿನ ತುಂಬ ಬಿಳಿ ಕೆಸರು.

"ಬಂದ್ಯಾ? ನೋಡು ಇಲ್ಲಿ" ಅಂದರು, ಕೆಟಲನ್ನು ನನ್ನ ಕಡೆ ವಾಲಿಸಿ. ಒಳಗೆ ಬರೀ ಕಬ್ಬಿಣ ಹೊಳೆಯುತ್ತಿತ್ತು. "ಸಮುದ್ರ ದಾಟಿ ಇನ್ನೊಬ್ಬರ ಮನೆಗೆ ಹೋಗೋ ವಸ್ತು. ಇಷ್ಟು ಕೊಳಕು ಇಟ್ಕೊಂಡು ಕಳಿಸ್ತಿದ್ಯಲ್ಲೇ! ನಮ್ಮನೆಯಿಂದ ಹೊರಗೆ ಹೋಗೋದು ತೊಳೆದೇ ಹೋಗ್ಬೇಕು. ಅಮ್ಮ ಇದ್ದಿದ್ರೆ ಏನನ್ನೋಳು?"

ಅದು ನಿಜ. ಪಕ್ಕದ ಮನೆಯವರ ತಟ್ಟೆ ವಾಪಸ್ ಕೊಡುವಾಗ ನಾವು ಎರಡು ಸಲ ತೊಳೆಯುವವರು. ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತಮೂರು ವರ್ಷ ನನ್ನನ್ನು ಆಡಿಕೊಂಡ ಬಾಯಿಗೆ ಇವತ್ತು ಬೀಗ ಹಾಕುತ್ತೇನೆ ಅಂತ ಬಾಯಿ ತೆರೆದೆ. ಆಗ ಅವರ ಮುಖ ನೋಡಿದೆ. ಶಹಭಾಸ್ ಅನ್ನಲಿ ಅಂತ ಕಾಯುತ್ತಿದ್ದರು. ಇಪ್ಪತ್ತಮೂರರ ನಾನು ಅತ್ತೆಯ ಮುಂದೆ ಹಾಗೇ ನಿಂತಿದ್ದೆ.

ಕೆಟಲಿನ ಒಳಗೆ ಕೈ ಹಾಕಬಾರದು ಅನ್ನುವುದನ್ನು ಈ ಪ್ರಪಂಚದಲ್ಲಿ ಯಾರಾದರೂ ಮರೆಯಬಹುದು, ಕಿನುಯೊ ಅಕ್ಕ ಮರೆಯುವಂತಿಲ್ಲ. ಮರೆತಿದ್ದರು. ಎರಡು ಸಲ ಗ್ಯಾಸ್ ಆರಿಸದೆ ಬಿಟ್ಟದ್ದು ಬರೀ ವಯಸ್ಸಿನ ಮರೆವಲ್ಲ ಅಂತ ನನಗೆ ಆಗ ಗೊತ್ತಾಯಿತು. ನನಗೆ ತುಂಬ ಭಯವಾಯಿತು.

"ಚೆನ್ನಾಗಿ ಉಜ್ಜಿದ್ದೀರ, ಅಕ್ಕಾ" ಅಂದೆ. "ಸುಸ್ತಾಗಿರುತ್ತೆ, ಸ್ವಲ್ಪ ಮಲಗಿ."

ಅವರು ಮಲಗಿದ ಮೇಲೆ ಗಂಡನಿಗೆ ತೋರಿಸಿದೆ. ಮಿತ್ಸುಗು ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ, ಯಾವುದಕ್ಕೂ ಗಾಬರಿಯಾಗುವುದಿಲ್ಲ.

"ಕಳಿಸ್ಬಿಡು" ಅಂದರು. "ಫೋಟೊ ತೆಗೆದ ದಿನ ಬೆಳ್ಳಗೇ ಇತ್ತಲ್ಲ. ಅದೇನು ಸುಳ್ಳಾ?"

"ಸುಮ್ನಿರಿ. ಬ್ರೇಕ್ ಕೆಟ್ಟ ಬಸ್ಸನ್ನ, ನಿನ್ನೆ ಚೆನ್ನಾಗಿತ್ತು ಅಂತ ಓಡಿಸ್ತಿದ್ರಾ?"

"ಹಂಗಾದ್ರೆ ಇದ್ದದ್ದನ್ನ ಇದ್ದಂಗೆ ಬರಿ. ಮನೇಲಿ ವಯಸ್ಸಾದೋರಿದ್ದಾರೆ, ಬುದ್ಧಿ ಮಂಕಾಗಿದೆ, ಅವರು ಉಜ್ಜಿಬಿಟ್ರು ಅನ್ನು. ಆ ಹೆಂಗಸು ಕರಗ್ತಾಳೆ. ದುಡ್ಡು ವಾಪಸ್ ಹೋದ್ರೂ ‘ಕೆಟ್ಟದ್ದು’ ಅಂತ ಹಾಕಲ್ಲ. ನಿನ್ನ ಸೊನ್ನೆ ಉಳಿಯುತ್ತೆ."

ಸರಿಯಾಗಿಯೇ ಹೇಳಿದರು. ಅದೇ ನಿಜ, ಆ ನಿಜದಿಂದ ನನ್ನ ಹೆಸರೂ ಉಳಿಯುತ್ತಿತ್ತು. ಫೋನ್ ಹಿಡಿದು ಅರ್ಧ ಬರೆದೆ ಕೂಡ. ಆದರೆ ಚುಂಗ್ ಏನೇ ಬರೆದರೂ ಅದು ನನ್ನ ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ. ಗುರುವಾರದ ಹನ್ನೆರಡು ಹೆಂಗಸರಲ್ಲಿ ನಾಲ್ವರು ಕಿನುಯೊ ಅಕ್ಕನ ಶಾಲೆಯ ಗೆಳತಿಯರು. ಅದೂ ಹೋಗಲಿ, ಅಕ್ಕ ದಿನಾ ಸಂಜೆ ನನ್ನ ಪಕ್ಕ ಕೂತು, ಇವತ್ತು ಯಾರು ಏನು ಬರೆದರು ಅಂತ ಓದಿಸಿಕೊಳ್ಳುತ್ತಾರೆ. ಅವರ ಬುದ್ಧಿ ಮಂಕಾಗಿದೆ ಅಂತ ಅವರಿಗೇ ಓದಿ ಹೇಳಲೇ?

ಬರೆದದ್ದನ್ನು ಅಳಿಸಿದೆ. ಸಂಜೆಯ ಬೆಳಕಿನಲ್ಲೇ ಕೆಟಲಿನ ಒಳಗಿನ ಫೋಟೊ ತೆಗೆದೆ, ಪಕ್ಕದಲ್ಲಿ ಬೆಂಕಿಕಡ್ಡಿ ಇಟ್ಟು. ಕೆಳಗೆ ಬರೆದೆ: "ಕಳಿಸುವ ಮುಂಚೆ ಒಳಗೆ ನಾನೇ ಉಜ್ಜಿಬಿಟ್ಟೆ. ಬಿಳುಪು ಪೂರ್ತಿ ಹೋಗಿದೆ. ತಪ್ಪು ನನ್ನದು. ಹಣ ಪೂರ್ತಿ ವಾಪಸ್ ಕೊಡುತ್ತೇನೆ."

ಹನ್ನೊಂದು ವರ್ಷದಲ್ಲಿ ಗಿರಾಕಿಗೆ ನಾನು ಹೇಳಿದ ಮೊದಲ ಸುಳ್ಳು ಅದು.

ಉತ್ತರ ಬರಲು ಅರ್ಧ ಗಂಟೆಯೂ ಹಿಡಿಯಲಿಲ್ಲ. "ಗುರುಗಳೇ, ಬೆರಳೂ ಇಡಬೇಡ ಅಂದೋರು ನೀವು. ನೀವೇ ಉಜ್ಜಿದ್ರಿ ಅಂದ್ರೆ ನಾನು ಹೇಗೆ ನಂಬಲಿ? ಹಣ ವಾಪಸ್ ಕೊಡಿ. ಇದ್ದದ್ದನ್ನ ಇದ್ದಂಗೆ ಬರೀಬೇಕು ಅಂತಾನೂ ನೀವೇ ಕಲಿಸಿದ್ದು. ನಾನು ಬರೀಲೇಬೇಕು, ಕ್ಷಮಿಸಿ." ನನ್ನ ಪುಟಕ್ಕೆ ಹೋಗಿ ನೋಡಿದೆ. ಸೊನ್ನೆ ಇದ್ದ ಜಾಗದಲ್ಲಿ ಒಂದು ಇತ್ತು. ಕೆಳಗೆ ಅವಳ ಮಾತು: "ಕೆಟಲಿನ ಒಳಗೆ ಉಜ್ಜಿದ್ದಾರೆ. ತಾವೇ ಹೇಳಿದರು."

ಅಳು ಬಂತು. ಯಾಕೆ ಬರಬಾರದು? ನಲ್ಲಿ ಬಿಟ್ಟುಕೊಂಡು ಚೆನ್ನಾಗಿ ಅತ್ತು ಮುಖ ತೊಳೆದುಕೊಂಡೆ. ಗುರುವಾರ ತರಗತಿಯಲ್ಲಿ ಇದೇ ಪುಟವನ್ನು ಮೊದಲು ತೋರಿಸುತ್ತೇನೆ ಅಂತ ತೀರ್ಮಾನಿಸಿದೆ. ದೋಷ ಮೊದಲು ಹೇಳುವವಳು ನಾನು, ನನ್ನದೇ ದೋಷ ಬಂದಾಗ ಹಿಂದೆ ಸರಿಯುವುದಿಲ್ಲ. ಇನ್ನೂ ಎರಡು ಸಾವಿರ ‘ಒಳ್ಳೆಯದು’ ಸಂಪಾದಿಸುವ ತಾಕತ್ತು ನನಗಿದೆ.

ಊಟವಾದ ಮೇಲೆ ಕೋಣೆಯ ಸೀಮೆಎಣ್ಣೆ ಹೀಟರಿನ ಪಕ್ಕ ಕೂತೆವು. ಮಾರ್ಚ್ ಬಂದರೂ ಹೊರಗೆ ಹಿಮ ಕರಗಿರಲಿಲ್ಲ. ಕಿನುಯೊ ಅಕ್ಕ ಕನ್ನಡಕ ಏರಿಸಿಕೊಂಡು ನನ್ನ ಫೋನಿನೊಳಗೆ ಬಗ್ಗಿದರು.

"ಇದೇನೇ ಇದು, ಕೆಂಪಗೆ? ಓದು."

"ಕೆಟ್ಟದ್ದು ಬಂದಿದೆ, ಅಕ್ಕಾ. ಕೆಟಲಿನ ಒಳಗೆ ಉಜ್ಜಿಬಿಟ್ಟೆ."

 ಅಕ್ಕ ತೊಡೆ ತಟ್ಟಿಕೊಂಡು ನಕ್ಕರು. "ಮತ್ತೆ ಉಜ್ಜಿದ್ಯೇನೇ! ನಲವತ್ತು ವರ್ಷ ಆದ್ರೂ ಬುದ್ಧಿ ಬರಲಿಲ್ವಲ್ಲೇ ನಿಂಗೆ! ಮಿತ್ಸುಗು, ಕೇಳಿದ್ಯೇನೋ? ನಿನ್ನ ಹೆಂಡ್ತಿ ಮತ್ತೆ ಉಜ್ಜಿದ್ಳಂತೆ!" ಹಳೆ ಕತೆ ಪೂರ್ತಿ ಹೇಳಿದರು. ಮರಳು, ಅತ್ತೆಯ ಮೂರು ದಿನದ ಮೌನ, ಅವತ್ತು ನಾನು ಕಟ್ಟಿಕೊಂಡಿದ್ದ ನೀಲಿ ಏಪ್ರನ್, ಯಾವುದನ್ನೂ ಬಿಡಲಿಲ್ಲ. ಮಿತ್ಸುಗು ತಲೆ ತಗ್ಗಿಸಿ ಕೂತಿದ್ದರು.

"ಅಳ್ಬೇಡ" ಅಂದರು ಅಕ್ಕ, ನಾನು ಅಳದೇ ಇದ್ದರೂ. "ಅಮ್ಮ ಏನ್ಮಾಡಿದ್ಳು ಗೊತ್ತಲ್ಲ? ಹಸಿರು ಟೀ ಎಲೆ ಬಟ್ಟೇಲಿ ಕಟ್ಟಿ, ನೀರಲ್ಲಿ ಹಾಕಿ ಕುದಿಸು. ಮೊದಲು ಕರಿ ಬಣ್ಣ ಹಿಡಿಯುತ್ತೆ, ತುಕ್ಕು ಬರಲ್ಲ. ಬಿಳುಪು ಆಮೇಲೆ ತಾನೇ ಕೂರುತ್ತೆ."

ಎಲೆ ಕಟ್ಟಿ ತಂದು ಕೆಟಲನ್ನು ಹೀಟರಿನ ಮೇಲಿಟ್ಟೆ. ಹೊಸ ಒಲೆಗೆ ಬೇಡವಾದದ್ದು ಅಲ್ಲಿ ನೆಟ್ಟಗೆ ಕೂತಿತು. ನೀರು ಸದ್ದು ಮಾಡಲು ಶುರುವಾದಾಗ ಅಕ್ಕ ಕೈ ಕಾಯಿಸಿಕೊಳ್ಳಲು ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು.

"ಫುಸಾಯೆ, ನನ್ನ ಉಗುರು ಯಾಕೆ ಕಪ್ಪಗಿದೆ?"

ಹತ್ತು ಉಗುರಿನ ಸಂದಿಯಲ್ಲೂ ಕಬ್ಬಿಣದ ಮಸಿ. ಮಿತ್ಸುಗು ಎದ್ದು ಕಿಟಕಿಯ ಹತ್ತಿರ ಹೋದರು.

"ನಾನು ಉಜ್ಜೋವಾಗ ಕೆಟಲು ಹಿಡ್ಕೊಂಡಿದ್ದು ನೀವೇ ಅಲ್ವಾ, ಅಕ್ಕಾ."

"ಹಿಡ್ಕೊಂಡಿದ್ನಾ?" ಅವರು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಹಿಡ್ಕೊಂಡು ಸುಮ್ನೆ ನಿಂತಿದ್ನಾ? ಬೇಡ ಅಂತ ಹೇಳ್ಬೇಕಿತ್ತಲ್ಲೇ ನಾನು."

ಬಿಸಿನೀರಿನ ಬಟ್ಟಲೂ ಸೋಪೂ ತಂದು ಅವರ ಮುಂದೆ ಕೂತೆ. ಒಂದೊಂದೇ ಬೆರಳು ಹಿಡಿದು ತೊಳೆಯಲು ಶುರು ಮಾಡಿದೆ.

"ಹೇಳಿದ್ರಿ, ಅಕ್ಕಾ. ನಾನೇ ಕೇಳಲಿಲ್ಲ."