ಶಾವಾ ಬೈಯುವುದನ್ನು ಬಿಟ್ಟದ್ದು

ಬೇಲಿಯಾಚೆ ನಿಂತ ಶಾವಾ ಮುದುಕ ಟೋಪಿ ತೆಗೆದು, “ನಮಸ್ಕಾರ ಮೇಡಂ, ಚೆನ್ನಾಗಿದ್ದೀರಾ?” ಎಂದು ಕೇಳಿದಾಗ ಬುಪೆಯ ಕೈಯಲ್ಲಿದ್ದ ಒದ್ದೆ ಬಟ್ಟೆ ನೆಲಕ್ಕೆ ಬಿತ್ತು.

ಹುಟ್ಟಿದಂದಿನಿಂದ ಅವನ ಬಾಯಲ್ಲಿ ಅವಳು ‘ಮಂಗ ತಿನ್ನೋಳು’. ಬುಪೆ ಬೆಂಬಾ ಜನದವಳು, ಶಾವಾ ನ್ಗೋನಿ. ಅಜ್ಜಂದಿರ ಅಜ್ಜಂದಿರ ಕಾಲದಲ್ಲಿ ಎರಡೂ ಕಡೆಯವರು ಈಟಿ ಹಿಡಿದು ಹೊಡೆದಾಡಿದ್ದರು. ಸಾಕಾದ ಮೇಲೆ ಈಟಿ ಕೆಳಗಿಟ್ಟು ನಾಲಿಗೆ ಎತ್ತಿಕೊಂಡರು. ಅಂದಿನಿಂದ ಬೆಂಬಾದವರು ಕಣ್ಣಿಗೆ ಬಿದ್ದರೆ ನ್ಗೋನಿಗಳು ಅವರನ್ನು ಮಂಗ ತಿನ್ನುವವರೆಂದು ಆಡಿಕೊಳ್ಳಬೇಕು. ನ್ಗೋನಿಗಳು ಸಿಕ್ಕರೆ ಬೆಂಬಾದವರು ಅವರನ್ನು ಇಲಿ ತಿನ್ನುವವರೆಂದು ಹಂಗಿಸಬೇಕು. ಸಿಟ್ಟು ಮಾಡಿಕೊಂಡವನು ಸೋತ. ಕಬ್ವೆ ಊರಿನಲ್ಲಿ ಇದು ಬಸ್ ನಿಲ್ದಾಣದಲ್ಲಿ ನಡೆಯುತ್ತಿತ್ತು, ಇಗರ್ಜಿಯ ಮೆಟ್ಟಿಲ ಮೇಲೆ ನಡೆಯುತ್ತಿತ್ತು, ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕದಲ್ಲೂ ನಡೆಯುತ್ತಿತ್ತು. ಬೈದವನು ನೆಂಟ. ‘ನೀವು, ತಾವು’ ಎಂದವನು ಯಾರೋ ದಾರಿಹೋಕ.

ಶಾವಾ ಮತ್ತು ಬುಪೆಯ ಅಪ್ಪ ಮುಟಾಲೆ ಒಂದೇ ರೈಲಿನಲ್ಲಿ ಮುಪ್ಪಾದವರು. ಮುಟಾಲೆ ಎಂಜಿನ್ ಓಡಿಸುತ್ತಿದ್ದ, ಶಾವಾ ಕೊನೆಯ ಡಬ್ಬಿಯ ಗಾರ್ಡು. “ಮಂಗನ ಕೈಗೆ ಎಂಜಿನ್ ಕೊಟ್ಟಿದ್ದಾರೆ, ಅದಕ್ಕೇ ನಾನು ಹಿಂದೆ ಕೂತ್ಕೊಳ್ಳೋದು. ಹಾರ್ಕೊಳ್ಳೋಕೆ ಸಲೀಸು” ಎಂದು ಶಾವಾ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅಪ್ಪ ಸತ್ತು ಎಷ್ಟೋ ವರ್ಷಗಳಾದರೂ ಶಾವಾನ ಬೈಗುಳಗಳಲ್ಲಿ ಅಪ್ಪ ದಿನಕ್ಕೊಮ್ಮೆ ಬೇಲಿಯ ಹತ್ತಿರ ಬಂದು ಹೋಗುತ್ತಿದ್ದ. ಅಪ್ಪನ ಬಗ್ಗೆ ಹಾಗೆ ಮಾತಾಡುವ ಇನ್ನೊಂದು ಬಾಯಿ ಊರಲ್ಲಿ ಉಳಿದಿರಲಿಲ್ಲ.

“ಯಾಕೆ, ಇಲಿ ಗಂಟಲಲ್ಲಿ ಸಿಕ್ಕಾಕ್ಕೊಂಡಿದ್ಯಾ?” ಎಂದು ಬುಪೆ ನಗುತ್ತ ಕೇಳಿದಳು.

“ಇಲ್ಲ ಮೇಡಂ, ದೇವರ ದಯೆ, ಆರೋಗ್ಯವಾಗಿದ್ದೀನಿ” ಎಂದ ಮುದುಕ. ಟೋಪಿ ಹಾಕಿಕೊಂಡು ಹೊರಟುಹೋದ.

ಬುಪೆ ಸ್ವಭಾವತಃ ಅಂಜುಬುರುಕಿ. ಶಿಕ್ಷಕರ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು, ಒಂದು ಮಾತು ಆಡುವ ಮುಂಚೆ ನಾಲ್ಕು ಸಲ ತೂಗುವವಳು. ತಾನೇನಾದರೂ ತಪ್ಪು ಮಾಡಿದೆನೇ ಎಂದು ವಾರವೆಲ್ಲ ಕೊರಗಿದಳು. ಮೊನ್ನೆ ಅವನ ಕುಂಬಳ ಬಳ್ಳಿಯ ಮೇಲೆ ಸೋಪಿನ ನೀರು ಚೆಲ್ಲಿದ್ದು ನೆನಪಾಯಿತು. ಅದಕ್ಕೆಲ್ಲ ಮುದುಕ ‘ಮೇಡಂ’ ಅನ್ನುವವನಲ್ಲ, ಬೇಲಿ ಹಾರಿ ಬಂದು ಬೈಯುವವನು. ಕೊನೆಗೆ ತಡೆಯಲಾರದೆ ಅವನ ಮೊಮ್ಮಗಳು ತಮಾಂದಾಳನ್ನು ಕಾಲೇಜಿನಲ್ಲಿ ಹಿಡಿದು ಕೇಳಿದಳು.

“ಆ ಪುಸ್ತಕ, ಟೀಚರ್. ಎಲ್ರೂ ಅದರಲ್ಲಿ ಅಜ್ಜ ಇದ್ದಾನೆ ಅಂತಿದ್ರು. ಓದಿ ಹೇಳು ಅಂತ ಪೀಡಿಸಿದ. ಓದಿದೆ. ಓದಬಾರದಿತ್ತು.”

‘ಕೆಂಪು ಮಣ್ಣಿನ ಬಾಯಿ’ ಎಂಬ ಆ ಕಾದಂಬರಿ ಬುಪೆಯ ಮೇಜಿನ ಮೇಲೆಯೇ ಇತ್ತು. ಬರೆದವನು ಡಾಲಿಟ್ಸೊ ತೆಂಬೊ, ಇದೇ ಊರಿನ ನ್ಗೋನಿ ಮನೆತನದ ಹುಡುಗ. ರಾಜಧಾನಿ ಲುಸಾಕಾಕ್ಕೆ ಹೋಗಿ, ಅಲ್ಲಿಂದ ಲಂಡನ್ನಿಗೆ ಹೋಗಿ, ದೊಡ್ಡ ಬಹುಮಾನ ಗೆದ್ದು ಬಂದವನು. ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಕೂಟದಲ್ಲಿ ಬುಪೆ ಇತ್ತೀಚೆಗೆ ಓದಿದ ಕಾದಂಬರಿಗಳ ಬಗ್ಗೆ ಮಾತಾಡಬೇಕಿತ್ತು. ಈ ಸಲ ಡಾಲಿಟ್ಸೊ ಸ್ವತಃ ಬರುವವನಿದ್ದ. ಅವನ ಪುಸ್ತಕವನ್ನು ಕೊನೆಗೆ ಓದೋಣವೆಂದು ಇಟ್ಟುಕೊಂಡಿದ್ದಳು.

ಅಂದೇ ಮಧ್ಯಾಹ್ನ ಓದಿದಳು.

ಸಮಾಧಿಯ ದೃಶ್ಯ ಬಂತು. ಎಂಜಿನ್ ಚಾಲಕನೊಬ್ಬನ ಹೆಣ. ‘ಶಾವೊ’ ಎಂಬ ನ್ಗೋನಿ ಗುಂಡಿಯೊಳಗೆ ಇಳಿದು ಉದ್ದಕ್ಕೆ ಮಲಗುತ್ತಾನೆ. ‘ಮಂಗ ತಿನ್ನುವವರಿಗೆ ಈ ಮಣ್ಣಿನಲ್ಲಿ ಜಾಗವಿಲ್ಲ’ ಎನ್ನುತ್ತಾನೆ. ಹೆಂಗಸರು ಮುಖ ಮುಚ್ಚಿಕೊಳ್ಳುತ್ತಾರೆ. ಸತ್ತವನ ಮಗಳು ಗುಂಡಿಯ ಅಂಚಿನಲ್ಲಿ ಕುಸಿಯುತ್ತಾಳೆ. ಸಂಜೆ ಮಚ್ಚುಗಳು ಹೊರಬರುತ್ತವೆ.

ಬುಪೆ ಪುಸ್ತಕವನ್ನು ಮಡಚಿ ಮಂಚದ ಮೇಲೆ ಎಸೆದಳು. ಪುಸ್ತಕ ಎಸೆಯುವ ಹೆಂಗಸಲ್ಲ ಅವಳು.

ಅಪ್ಪನ ಮಣ್ಣಿನಲ್ಲಿ ಶಾವಾ ಗುಂಡಿಗೆ ಇಳಿದದ್ದು ನಿಜ, ಮಲಗಿದ್ದೂ ನಿಜ. ಹಾಗೆ ಮಲಗುವುದು ಬೈಗುಳದ ನೆಂಟನ ಹಕ್ಕು. ಅವತ್ತು ಗುಂಡಿ ತೋಡಿದವರೂ ನ್ಗೋನಿಗಳೇ. “ಇಷ್ಟು ಆಳ ಯಾಕ್ರೋ? ಮಂಗನ್ನ ಮರದ ಮೇಲೆ ಇಟ್ರೆ ಸಾಲ್ದಾ? ನಾನೇಳಲ್ಲ, ಕೋಳಿ ಕೊಟ್ರೆ ಏಳ್ತೀನಿ” ಎಂದು ಶಾವಾ ಕೆಳಗಿನಿಂದ ಕೂಗಿದಾಗ, ಮೂರು ದಿನ ಅನ್ನ ನೀರು ಬಿಟ್ಟಿದ್ದ ಅಮ್ಮ ಮೊದಲ ಸಲ ನಕ್ಕಿದ್ದಳು. ನಗುತ್ತ ನಗುತ್ತ ಅಳು ಬಂದು, ಆಮೇಲೆ ಗಂಜಿ ಕುಡಿದಿದ್ದಳು. ಕುಸಿದುಬಿದ್ದ ಮಗಳಂತೆ! ಆ ಮಗಳು ಗುಂಡಿಯ ಅಂಚಿನಲ್ಲಿ ನಿಂತು, “ಎದ್ದು ಬಾರೋ ಇಲಿಮರಿ, ಅದು ನಿನ್ನ ಬಿಲ ಅಲ್ಲ” ಎಂದು ಕೂಗಿದ್ದಳು. ಹಾಗೆ ಕೂಗಿದ ಮೇಲೆಯೇ ಅವಳ ಕಾಲಿಗೆ ನಿಲ್ಲುವ ಶಕ್ತಿ ಬಂದದ್ದು.

ಡಾಲಿಟ್ಸೊ ಅವತ್ತು ತನ್ನ ತಾಯಿಯ ಜತೆ ಅಲ್ಲೇ ನಿಂತಿದ್ದ. ಎಲ್ಲವನ್ನೂ ನೋಡಿದ್ದ. ಮಾತು ತೆಗೆದುಕೊಂಡ, ಗುಂಡಿ ತೆಗೆದುಕೊಂಡ, ಹೆಸರಿನಲ್ಲಿ ಒಂದಕ್ಷರ ತಿದ್ದಿದ. ನಗುವನ್ನು ಮಾತ್ರ ಅಲ್ಲೇ ಬಿಟ್ಟುಬಂದ.

ಕೂಟಕ್ಕೆ ಹೊರಡುವ ಮುಂಚೆ ಬುಪೆ ಶಾವಾನ ಬಾಗಿಲಿಗೆ ಹೋಗಿ ಕರೆದಳು. “ಬರ್ಲೇಬೇಕು” ಎಂದಳು. “ತಾವು ಕರೆದ ಮೇಲೆ ಬರದೆ ಇರ್ತೀನಾ ಮೇಡಂ” ಎಂದ. ಆ ‘ತಾವು’ ಕೇಳಿ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಜೂನ್ ತಿಂಗಳ ಒಣ ಚಳಿ. ಗ್ರಂಥಾಲಯದ ಕಿಟಕಿಗಳನ್ನು ಮುಚ್ಚಿದ್ದರು. ಗ್ರಂಥಪಾಲ ಸಿಯಾಮೆ ಹೊಸ ಮೇಜುಬಟ್ಟೆ ಹಾಸಿ, ಡಾಲಿಟ್ಸೊನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದ್ದ. ಕಾಲೇಜಿನ ಪ್ರಿನ್ಸಿಪಾಲರು ಬಂದಿದ್ದರು. ಡಾಲಿಟ್ಸೊನ ತಾಯಿ, ಬುಪೆಯ ಜತೆ ಇಗರ್ಜಿಯಲ್ಲಿ ಹಾಡುವವಳು, ಹೊಸ ಚಿಟೆಂಗೆ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಶಾವಾ ಕೋಟಿನ ಎಲ್ಲ ಗುಂಡಿ ಹಾಕಿಕೊಂಡು ಬಾಗಿಲ ಪಕ್ಕದ ಬೆಂಚಿನಲ್ಲಿ, ಯಾರದೋ ಮನೆಗೆ ಹೆಣ್ಣು ಕೇಳಲು ಬಂದವನಂತೆ ಸೆಟೆದು ಕುಳಿತಿದ್ದ.

ಬುಪೆ ಎದ್ದು ನಿಂತಳು. ಮೊದಲು ಬೇರೆ ಕಾದಂಬರಿಗಳಿಂದ ಶುರು ಮಾಡಿದಳು. ಅಂಜಿಕೆಗೆ ಅದೊಂದು ಉಪಾಯ.

“ಮೊದಲನೇದು ಒಂದು ಪ್ರೇಮಕಥೆ. ನಮ್ಮ ಕಬ್ವೆಯಲ್ಲೇ ನಡೆಯುತ್ತೆ. ಜುಲೈ ತಿಂಗಳಲ್ಲಿ ನಾಯಕ ನಾಯಕಿ ಮಳೆಯಲ್ಲಿ ನೆನೆದು ಒಂದೇ ಕೊಡೆ ಹಿಡ್ಕೋತಾರೆ. ಜುಲೈನಲ್ಲಿ, ಒಂದು ಹನಿ ಬೀಳದ ತಿಂಗಳಲ್ಲಿ! ಇಲ್ಲಿ ಯಾರಾದ್ರೂ ಜುಲೈನಲ್ಲಿ ಕೊಡೆ ಬಿಚ್ಚಿದ್ದೀರಾ?”

“ಬಿಸಿಲಿಗೆ ಬಿಚ್ಚಿದ್ದೀನಿ” ಎಂದ ಸಿಯಾಮೆ. ಜನ ನಕ್ಕರು.

“ಎರಡನೇದು ಬಸ್ ನಿಲ್ದಾಣದಲ್ಲಿ ಟೊಮ್ಯಾಟೊ ಮಾರೋ ಹೆಂಗಸಿನ ಕಥೆ. ಅದು ನನಗೆ ಇಷ್ಟ ಆಯ್ತು. ಅವಳ ಜಗಳ, ಅವಳ ಲೆಕ್ಕಾಚಾರ, ಗಂಡನ್ನ ಮನೆಯಿಂದ ಹೊರಗೆ ಹಾಕಿದ ರೀತಿ, ಎಲ್ಲ ಇಷ್ಟ ಆಯ್ತು. ಇನ್ನೇನು ಅವಳು ಗೆದ್ದಳು ಅನ್ನೋವಾಗ ಲೇಖಕರು ಅವಳ ಮೇಲೆ ಲಾರಿ ಹತ್ತಿಸಿಬಿಟ್ರು. ಯಾಕೆ? ನಾವು ಅಳಬೇಕು ಅಂತ. ಅವಳು ಬದುಕಿದ್ರೆ ಓದೋರಿಗೆ ಬೇಜಾರಾಗುತ್ತೆ ಅಂತ ಯಾರೋ ಅವರಿಗೆ ಹೇಳಿಕೊಟ್ಟಿರಬೇಕು. ನಾನು ಅಳಲಿಲ್ಲ. ಆ ಲಾರಿಯ ನಂಬರು ಬರೆದುಕೊಳ್ಳಬೇಕು ಅನ್ನಿಸ್ತು.”

ಮತ್ತೆ ನಗು. ಡಾಲಿಟ್ಸೊ ಕೂಡ ನಕ್ಕ. ಮೂರನೆಯದಕ್ಕೆ ಬುಪೆ ಮನೆಯಲ್ಲಿ ಮಾತುಗಳನ್ನು ಜೋಡಿಸಿ ಬಾಯಿಪಾಠ ಮಾಡಿದ್ದಳು. ಯಾರ ಮನಸ್ಸಿಗೂ ಗೀರು ಬೀಳದ, ಸೋಸಿ ಇಟ್ಟ ಮಾತುಗಳು.

“ಮೂರನೇದು, ನಮ್ಮ ಊರಿಗೆ ಕೀರ್ತಿ ತಂದ, ನಮ್ಮೆಲ್ಲರ ಗೌರವಕ್ಕೆ ಪಾತ್ರರಾದ ಲೇಖಕರು... ತಾವು ಬರೆದ...”

ಅಲ್ಲಿಗೆ ನಿಂತಳು. ‘ತಾವು.’ ಬಾಗಿಲ ಪಕ್ಕದಲ್ಲಿ ಶಾವಾ ಕಾಲ ಮೇಲೆ ಕೈಯಿಟ್ಟುಕೊಂಡು ಅತಿಥಿಯಂತೆ ಕೂತಿದ್ದ. ಬಾಯಿಪಾಠ ಮಾಡಿದ್ದನ್ನೆಲ್ಲ ಅವಳು ಅಲ್ಲೇ ಕೈಬಿಟ್ಟಳು.

“ಡಾಲಿಟ್ಸೊ” ಎಂದಳು. “ನೀನು ಅವತ್ತು ನನ್ನ ಅಪ್ಪನ ಮಣ್ಣಿಗೆ ಬಂದಿದ್ದೆ. ಶಾವಾ ಗುಂಡಿಯಲ್ಲಿ ಮಲಗಿದಾಗ ನನ್ನ ಅಮ್ಮ ಏನು ಮಾಡಿದಳು?”

ಡಾಲಿಟ್ಸೊ ಕನ್ನಡಕ ಸರಿಪಡಿಸಿಕೊಂಡ. “ಮೇಡಂ, ಇದು ಕಾದಂಬರಿ. ಯಾರ ಅಮ್ಮನ ಬಗ್ಗೆಯೂ...”

“ನಕ್ಕಳೋ ಇಲ್ವೋ?”

“ನಕ್ಕಿರಬಹುದು.”

“ಪುಸ್ತಕದಲ್ಲಿ ಯಾಕೆ ನಗಲಿಲ್ಲ?”

“ನೋಡಿ, ನಾನು ಬರೆದಿದ್ದೆ. ಮೊದಲು ನಗು ಇತ್ತು. ಪ್ರಕಾಶಕರು ಓದಿ, ಸಾವಿನ ಮನೆಯಲ್ಲಿ ಯಾಕೆ ನಗ್ತಾರೆ, ಓದುಗರಿಗೆ ಗೊಂದಲ ಆಗುತ್ತೆ ಅಂದ್ರು. ಅಲ್ಲಿಯವರಿಗೆ ಇದು ಅರ್ಥ ಆಗಲ್ಲ, ಮೇಡಂ. ದ್ವೇಷ ಆದ್ರೆ ಅರ್ಥ ಆಗುತ್ತೆ.”

“ಅದಕ್ಕೆ ಮಚ್ಚು ಕೊಟ್ಯಾ?”

“ಕಥೆಗೆ ಒಂದು ಬಿಗಿ ಬೇಕಾಗುತ್ತೆ.”

ಪ್ರಿನ್ಸಿಪಾಲರು ಕೆಮ್ಮಿದರು. ಡಾಲಿಟ್ಸೊನ ತಾಯಿ ಹಿಂದೆ ತಿರುಗಿ ಶಾವಾನ ಕಡೆ ನೋಡಿ, ತಟ್ಟನೆ ಮುಖ ಈಚೆ ತಿರುಗಿಸಿಕೊಂಡಳು. ಬುಪೆ ಒಂದು ಹೆಜ್ಜೆ ಮುಂದೆ ಬಂದಳು.

“ಬಿಗಿಯಂತೆ! ಬಹುಮಾನ ತಿಂದು ದೊಡ್ಡವನಾದೆ ಅಂದ್ಕೊಂಡ್ಯಾ? ನೀನು ತೆಂಬೊ ಮನೆಯವನು. ನಿಮ್ಮಜ್ಜ ಹೊಲಕ್ಕೆ ಬೆಂಕಿ ಹಾಕಿ ಬಿಲದ ಬಾಯಲ್ಲಿ ಕೂರ್ತಿದ್ದ, ನೀನು ಲಂಡನ್ನಿನ ಬಿಲದ ಬಾಯಲ್ಲಿ ಕೂತಿದ್ದೀಯ. ಏ ಇಲಿ ತಿನ್ನೋನೇ, ಅಲ್ಲಿ ಇಲಿಗಳು ದಪ್ಪಗಿವೆಯಂತೆ, ಹೌದಾ?”

ಕಬ್ವೆಯ ಯಾವ ನ್ಗೋನಿಯಾದರೂ ಇಷ್ಟು ಹೊತ್ತಿಗೆ ಮಂಗನನ್ನು ಎಳೆದು ತಂದಿರುತ್ತಿದ್ದ. ಎಲ್ಲರೂ ಅದಕ್ಕೇ ಕಾದರು. ಸಿಯಾಮೆಯ ತುಟಿ ಆಗಲೇ ಅರ್ಧ ಬಿರಿದಿತ್ತು.

ಡಾಲಿಟ್ಸೊನ ಮುಖ ಕಪ್ಪಿಟ್ಟಿತು. “ಇದು ಜನಾಂಗದ ನಿಂದನೆ. ನಾನು ಇಂಥದ್ದನ್ನ ಸಹಿಸೋಕೆ ಬಂದಿಲ್ಲ” ಎಂದ.

ಯಾರೂ ನಗಲಿಲ್ಲ. ಸಿಟ್ಟು ಮಾಡಿಕೊಂಡವನು ಸೋತ. ಬೆಂಬಾದವಳೊಬ್ಬಳು ತುಂಬಿದ ಸಭೆಯಲ್ಲಿ ಹೊಡೆದ ಮಾತು ತಿರುಗೇಟಿಲ್ಲದೆ ಗಾಳಿಯಲ್ಲಿ ನೇತಾಡುತ್ತ ಉಳಿಯಿತು. ಊರಿನ ನ್ಗೋನಿಗಳಿಗೆಲ್ಲ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಲ್ಲ.

ಬಾಗಿಲ ಹತ್ತಿರ ಬೆಂಚು ಕಿರುಗುಟ್ಟಿತು. ಶಾವಾ ಎದ್ದು ನಿಂತಿದ್ದ. ಕೋಟಿನ ಮೇಲಿನ ಗುಂಡಿಯನ್ನು ಬಿಚ್ಚಿ, ಗಂಟಲು ಸರಿಮಾಡಿಕೊಂಡ.

“ಏನೇ,” ಎಂದ. “ಇಲಿ ಹಿಡಿಯೋಕೆ ತಲೆ ಬೇಕು ಕಣೇ. ಹೊಂಚಬೇಕು, ಕಾಯಬೇಕು, ಅಗೀಬೇಕು. ನಿಮ್ಮೋರಿಗೇನು ಕಷ್ಟ? ಮಂಗ ತಾನಾಗೇ ಬಂದು ಮಡಿಲಲ್ಲಿ ಕೂತ್ಕೊಳ್ಳುತ್ತೆ, ದೊಡ್ಡಮ್ಮನ ಮನೆಗೆ ಬಂದೆ ಅಂದ್ಕೊಂಡು!”

ನಗು ಸಿಡಿಯಿತು. ಸಿಯಾಮೆ ಮೇಜಿಗೆ ಹಣೆ ಆನಿಸಿಕೊಂಡ. ಡಾಲಿಟ್ಸೊನ ತಾಯಿ ಮೊದಲು ಮಗನನ್ನು ನೋಡಿದಳು, ಆಮೇಲೆ ತಡೆಯಲಾರದೆ ಚಿಟೆಂಗೆಯ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಳು.

ಬುಪೆಗೆ ಒಂದೇ ಒಂದು ಪದ ಕೇಳಿಸಿತ್ತು. ‘ಕಣೇ.’

ಶಾವಾ ಇನ್ನೂ ಕೂತಿರಲಿಲ್ಲ. ಡಾಲಿಟ್ಸೊನ ಕಡೆ ತಿರುಗಿದ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ನೋಡಪ್ಪ, ನೀನು ನಮ್ಮೋನು, ನಿನ್ನ ಬೈಯೋ ಹಕ್ಕು ನನಗಿಲ್ಲ. ಅದಕ್ಕೇ ಅವಳು ಬೈದಳು, ಸರಿಯಾಗೇ ಬೈದಳು. ಒಂದೇ ಮಾತು ಕೇಳ್ತೀನಿ. ಅರ್ಥ ಆಗದೋರಿಗೋಸ್ಕರ ನನ್ನನ್ನ ಕೊಲೆಗಾರ ಮಾಡಿದ್ಯಾ? ಎಲ್ಲೋ ದೂರದಲ್ಲಿ ಓದಿದೋರ ಮಾತು ಬಿಡು. ಇಲ್ಲೇ, ನನ್ನ ಬೀದಿಯ ಹುಡುಗರು ಅದನ್ನ ಓದಿ ನನ್ನ ಮುಖ ನೋಡ್ತಾರೆ. ನಾನು ಇವಳಪ್ಪನ್ನ ದ್ವೇಷ ಮಾಡ್ತಿದ್ದೆ ಅಂತ ಇವಳೂ ನಂಬಿಬಿಟ್ರೆ ಅಂತ ಹೆದರಿ, ಬಾಯಿ ಹೊಲ್ಕೊಂಡು ಕೂತಿದ್ದೆ. ನನ್ನ ವಯಸ್ಸಿನಲ್ಲಿ ಮರ್ಯಾದೆಯಿಂದ ಮಾತಾಡೋದು ಎಷ್ಟು ಕಷ್ಟ ಗೊತ್ತಾ ನಿನಗೆ?”

ಡಾಲಿಟ್ಸೊ ಪುಸ್ತಕದ ಹೊದಿಕೆಯನ್ನು ಬೆರಳಿನಿಂದ ಸವರುತ್ತ ಕೂತ. “ಮುಂದಿನ ಮುದ್ರಣದಲ್ಲಿ ನೋಡ್ತೀನಿ” ಎಂದು ಗೊಣಗಿದ. ನೋಡುತ್ತಾನೆಂದು ಬುಪೆ ನಂಬಲಿಲ್ಲ. ಹಾಗೆಂದು ಅಲ್ಲೇ ಹೇಳಿಯೂಬಿಟ್ಟಳು, “ನೀನು ನೋಡಲ್ಲ. ಪ್ರಕಾಶಕರನ್ನ ಕೇಳ್ತೀಯ, ಅವರು ಬೇಡ ಅಂತಾರೆ. ಈ ಪುಸ್ತಕ ನಮ್ಮ ಕಾಲೇಜಿನ ಪಾಠಕ್ಕೆ ಬಂದ್ರೆ ಪ್ರತೀ ವರ್ಷ ಆ ಪುಟದಲ್ಲಿ ನಿಂತು ಅವತ್ತು ಏನು ನಡೀತು ಅಂತ ನಾನೇ ಹೇಳ್ತೀನಿ. ಪ್ರಿನ್ಸಿಪಾಲರೇ, ಇದನ್ನ ತಾವೂ ಕೇಳಿಸ್ಕೊಳ್ಳಿ.”

ಪ್ರಿನ್ಸಿಪಾಲರು ಕೇಳಿಸಿಕೊಂಡದ್ದಾಗಿ ತಲೆ ಆಡಿಸಿದರು. ಒಪ್ಪಿದ್ದಾಗಿ ಆಡಿಸಲಿಲ್ಲ.

ಸಿಯಾಮೆ ಚಹಾ ತರಿಸಿದ. ಬುಪೆ ತಟ್ಟೆಯಲ್ಲಿ ಎರಡು ವಿಟುಂಬುವಾ, ಅಂದರೆ ಮನೆಯಿಂದ ಅವಳೇ ಕರಿದು ತಂದಿದ್ದ ಗೋಧಿಯುಂಡೆ, ಇಟ್ಟುಕೊಂಡು ಮೂಲೆಯಲ್ಲಿ ನಿಂತಳು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮೈಯಲ್ಲಿ ಸಿಟ್ಟು ಇನ್ನೂ ಕುದಿಯುತ್ತಿತ್ತು. ತಿನ್ನಬೇಕೆಂದು ಬಾಯಿ ತೆರೆದಾಗ ಹಿಂದಿನಿಂದ ಒಂದು ಒಣ ಕೈ ಬಂದು ತಟ್ಟೆಯನ್ನೇ ಎತ್ತಿಕೊಂಡು ಹೋಯಿತು.

“ಬೆಂಬಾದೋರು ತಿನ್ನೋ ಪದಾರ್ಥ ಅಲ್ಲ ಇದು” ಎಂದ ಶಾವಾ, ಒಂದನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು. “ಉಪ್ಪು ಹಾಕೋಕೂ ಬರಲ್ಲ. ನಿಮ್ಮಪ್ಪನಿಗೆ ಎಂಜಿನ್ ಬಂದ ಹಾಗೇ.”

“ಕೊಡೋ ಇಲ್ಲಿ! ಹಸಿದು ಸಾಯ್ತಿದ್ದೀನಿ, ಮುದಿ ಕಳ್ಳ!”

ಅವನು ಎರಡನೆಯದನ್ನು ಕೋಟಿನ ಜೇಬಿಗೆ ಇಳಿಸಿ ಬಾಗಿಲ ಕಡೆ ನಡೆದ. ಬುಪೆ ಪ್ರಿನ್ಸಿಪಾಲರ ಎದುರಿಗೇ, ಕಾಲೇಜಿನಲ್ಲಿ ಯಾರೂ ಅವಳ ಬಾಯಲ್ಲಿ ಕೇಳಿರದ ಮಾತುಗಳನ್ನು ಕೂಗುತ್ತ ಅವನ ಹಿಂದೆ ಹೊರಟಳು.