ಪಕ್ಕದ ಬಲೆಯ ತೂತು

ಫುಟ್‌ಬಾಲ್ ಆಟಕ್ಕೆ ಮೊದಲು ಗೋಲಿನ ಬಲೆಯನ್ನು ಕೈಯಿಂದ ಜಗ್ಗಿ ನೋಡುವುದು ಸಹಾಯಕ ರೆಫರಿಯ ಕೆಲಸ. ಆ ಕೆಲಸ ಮಾಡಿದ ಹನ್ನೊಂದು ವರ್ಷದಲ್ಲಿ ಸಾಯ್ರಾಗುಲ್ ಒಮ್ಮೆಯೂ ಅದನ್ನು ತಪ್ಪಿಸಿದವಳಲ್ಲ. ಆ ಭಾನುವಾರ ಕೋಚ್ಕೋರಿನ ಮೈದಾನದಲ್ಲಿ ಹಿಂಬದಿಯ ಬಲೆ ನೋಡಿ ಮುಗಿಸಿ, ಪಕ್ಕದ ಬಲೆಗೆ ಕೈ ಹಾಕುವಷ್ಟರಲ್ಲಿ, ಮೈದಾನ ಕಾಯುವ ಬಕಾಸನ ಹೆಂಡತಿ ಬಿಸಿ ರೊಟ್ಟಿ ಹಿಡಿದು ಬಂದಳು.

"ಒಂದು ತುಣುಕು ಬಾಯಿಗೆ ಹಾಕ್ಕೊಂಡು ಹೋಗಮ್ಮ."

ಎದುರಿಗೆ ಬಂದ ರೊಟ್ಟಿಯನ್ನು ಮುರಿದು ಬಾಯಿಗಿಡದೆ ದಾಟುವವರು ಆ ಕಣಿವೆಯಲ್ಲಿಲ್ಲ. ರೊಟ್ಟಿಯ ಹಿಂದೆ ಚಹಾ ಬಂತು, ಚಹಾದ ಹಿಂದೆ ಮಗಳ ಹೆರಿಗೆಯ ಸುದ್ದಿ. ಅಷ್ಟರಲ್ಲಿ ರೆಫರಿ ತೊಕ್ತೊಸುನ್ ಕರೆದರು. ಪಕ್ಕದ ಬಲೆ ಹಾಗೇ ಉಳಿಯಿತು.

ತೊಕ್ತೊಸುನ್‌ಗೆ ಐವತ್ತು ದಾಟಿತ್ತು. ಎಲ್ಲರೂ ಅವರನ್ನು ಬಾಯ್ಕೆ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದರು. ಹಿರಿಯರನ್ನು ನಾಲ್ಕು ಜನರ ಮುಂದೆ ತಿದ್ದುವುದು ಅಲ್ಲಿ ಮರ್ಯಾದೆಯಲ್ಲ. ಅವರ ಜೊತೆ ನಿಂತ ಸಹಾಯಕರು ಅವರ ತಪ್ಪು ಕಂಡರೂ ಬಾವುಟ ಕೆಳಗಿಟ್ಟುಕೊಂಡು, ಆಟ ಮುಗಿದ ಮೇಲೆ ಚಹಾ ಕುಡಿಯುವಾಗ ಮೆಲ್ಲಗೆ ಹೇಳುತ್ತಿದ್ದರು. ಅಷ್ಟು ಹೊತ್ತಿಗೆ ಹೇಳಿ ಫಲವೇನು?

ಅಂದು ರಾಜಧಾನಿ ಬಿಷ್ಕೆಕಿನಿಂದ ರೆಫರಿಗಳ ಪರೀಕ್ಷಕರೊಬ್ಬರು ಬಂದು ಕೂತಿದ್ದರು. ಅವರು ಒಪ್ಪಿದರೆ ಮುಂದಿನ ವರ್ಷ ಸಾಯ್ರಾಗುಲ್ ಮೊದಲ ದರ್ಜೆಯ ಪಂದ್ಯಗಳಿಗೆ ನಿಲ್ಲಬಹುದಿತ್ತು.

ಎಂಬತ್ತೊಂದನೇ ನಿಮಿಷ. ಎರಡೂ ಕಡೆ ಒಂದೊಂದು ಗೋಲು. ಕೋಚ್ಕೋರಿನ ಆಟಗಾರನೊಬ್ಬ ಅವಳ ಕಡೆಯಿಂದಲೇ ಒದ್ದ ಚೆಂಡು ಕಂಬದ ಹೊರಗೆ ಹೋಗಿ, ಪಕ್ಕದ ಬಲೆಯ ತೂತಿನಲ್ಲಿ ನುಸುಳಿ ಗೋಲಿನೊಳಗೆ ಬಿತ್ತು. ತೊಕ್ತೊಸುನ್ ಕಣ್ಣಿಗೆ ಐದಾರು ಜನ ಅಡ್ಡವಿದ್ದರು. ಅವರು ಸೀಟಿ ಊದಿ ಮೈದಾನದ ಮಧ್ಯಕ್ಕೆ ಕೈ ತೋರಿಸಿದರು. ಗೋಲು.

ಗೋಲು ಸರಿಯಿದ್ದರೆ ಸಹಾಯಕಿ ಮಧ್ಯದ ಗೆರೆಯ ಕಡೆ ಓಡಬೇಕು, ತಪ್ಪಿದ್ದರೆ ಬಾವುಟ ಎತ್ತಬೇಕು. ಅವಳ ಕಾಲು ಅರ್ಧ ಹೆಜ್ಜೆ ಎತ್ತಿಯೂ ಆಗಿತ್ತು. ತಲಾಸಿನಿಂದ ಬಂದ ಎದುರಾಳಿ ತಂಡದ ಗೋಲ್‌ಕೀಪರ್ ಏನೋ ಕೂಗುತ್ತಿದ್ದ. ಗೋಲು ಬಿಟ್ಟುಕೊಟ್ಟವರ ಕೂಗನ್ನು ಯಾರು ಕೇಳುತ್ತಾರೆ? ಬಾವುಟ ಎತ್ತಿದರೆ ಮಾತ್ರ, ಆ ತೂತು ಹೇಗೆ ಉಳಿಯಿತು ಎಂಬ ಪ್ರಶ್ನೆ ನೇರ ಅವಳ ಬಾಗಿಲಿಗೇ ಬರುತ್ತದೆ. ಮಧ್ಯದಿಂದ ಆಟ ಮತ್ತೆ ಶುರುವಾಯಿತೋ, ಆಮೇಲೆ ತಿದ್ದುವುದಕ್ಕೆ ಯಾರಿಗೂ ಅಧಿಕಾರವಿಲ್ಲ.

ಅವಳು ನಿಂತಲ್ಲೇ ನಿಂತು ಬಾವುಟ ಎತ್ತಿದಳು.

"ಬಟ್ಟೆ ಒಣಗಿಸ್ತಾ ಇದ್ದೀಯೇನಮ್ಮ?" ಎಂದಿತು ಜನರ ಗುಂಪಿನಿಂದ ಒಂದು ದನಿ.

"ಬಾಯ್ಕೆಗಿಂತ ಇವಳ ಕಣ್ಣು ಚುರುಕಂತೆ!"

"ಬಿಡ್ರೋ, ಕೈ ಸೋತ್ರೆ ತಾನೇ ಇಳಿಸ್ತಾಳೆ."

ತೊಕ್ತೊಸುನ್ ಬೆನ್ನು ಹಾಕಿ ನಡೆಯುತ್ತಿದ್ದರು. ಚೆಂಡು ಆಗಲೇ ಮಧ್ಯದ ವೃತ್ತಕ್ಕೆ ಹೋಗಿತ್ತು. ಆಗ ಎದುರು ಅಂಚಿನಲ್ಲಿದ್ದ ಇನ್ನೊಬ್ಬ ಸಹಾಯಕ ಮೆಲಿಸ್ ತನ್ನ ಬಾವುಟವನ್ನೂ ಎತ್ತಿ ಅವಳ ಕಡೆ ತೋರಿಸಿದ. ಅಷ್ಟು ದೂರದಿಂದ ಅವನಿಗೇನೂ ಕಂಡಿರಲಿಲ್ಲ. ಅವಳು ಒಬ್ಬಳೇ ನಿಂತಿರುವುದು ಮಾತ್ರ ಕಂಡಿತ್ತು.

ತೊಕ್ತೊಸುನ್ ತಿರುಗಿ ನೋಡಿ, ಆಟ ತಡೆದು ಬಂದರು. ಸುತ್ತಿಕೊಂಡ ಆಟಗಾರರನ್ನು ಹಿಂದೆ ಸರಿಸಿ, ಜನರ ಕಡೆಗೆ ತಮ್ಮ ಅಗಲ ಬೆನ್ನು ಮಾಡಿ, ಅವಳ ಮುಖ ಯಾರಿಗೂ ಕಾಣದ ಹಾಗೆ ನಿಂತರು.

"ಏನ್ ನೋಡ್ದೆ ತಂಗಿ? ಕಂಡದ್ದಷ್ಟೇ ಹೇಳು."

"ಚೆಂಡು ಕಂಬದ ಹೊರಗಿಂದ ಹೋಯ್ತು ಬಾಯ್ಕೆ. ಪಕ್ಕದ ಬಲೇಲಿ ತೂತಿದೆ. ಆಟಕ್ಕೆ ಮುಂಚೆ ನಾನು ಅದನ್ನ ನೋಡಿರ್ಲಿಲ್ಲ."

"ಕೊನೇದನ್ನ ನಾನು ಕೇಳ್ಲಿಲ್ಲವಲ್ಲ."

"ಕೇಳದಿದ್ರೂ ಅದು ನಿಜ."

ಅವರು ಹೋಗಿ ತೂತಿನಲ್ಲಿ ಮುಷ್ಟಿ ತೂರಿಸಿ ಎಲ್ಲರಿಗೂ ತೋರಿಸಿದರು. ಗೋಲು ರದ್ದಾಯಿತು. ಬಕಾಸ ಹುರಿಹಗ್ಗ ತಂದು ಬಲೆ ಕಟ್ಟಿದ. ಪಂದ್ಯ ಸಮವಾಗಿಯೇ ಮುಗಿಯಿತು.

ಬಟ್ಟೆ ಬದಲಿಸುವ ಕೋಣೆಯ ಹೊರಗೆ ಪರೀಕ್ಷಕರು ಕೇಳಿದರು: "ಬಲೆ ನೋಡಿದ್ದು ಯಾರು?"

"ನಾವು ಮೂರೂ ಜನ," ಎಂದರು ತೊಕ್ತೊಸುನ್.

"ನಾನೊಬ್ಬಳೇ," ಎಂದಳು ಸಾಯ್ರಾಗುಲ್. "ಒಂದು ಪಕ್ಕ ಬಿಟ್ಟಿದ್ದೆ."

ಪರೀಕ್ಷಕರು ಅದನ್ನೂ ಬರೆದುಕೊಂಡರು, ಬಾವುಟ ಇಳಿಸದೆ ನಿಂತದ್ದನ್ನೂ ಬರೆದುಕೊಂಡರು. ಆ ವರ್ಷ ಅವಳಿಗೆ ಮೊದಲ ದರ್ಜೆ ಸಿಗಲಿಲ್ಲ. ವಸಂತದಲ್ಲಿ ಮತ್ತೆ ಬಂದು ನೋಡುತ್ತೇವೆ ಎಂದರು.

ಮುಂದಿನ ಭಾನುವಾರ ಆಟಕ್ಕೆ ಮೊದಲು ತೊಕ್ತೊಸುನ್ ಇಬ್ಬರು ಸಹಾಯಕರನ್ನೂ ಹತ್ತಿರ ಕರೆದರು.

"ನಾನು ತಪ್ಪಿದ್ದು ಕಂಡ್ರೆ ಬಾವುಟ ಎತ್ತಿ, ನಾನು ನೋಡೋ ತನಕ ಇಳಿಸ್ಬೇಡಿ. ಚಹಾ ಕುಡಿಯೋವಾಗ ಹೇಳಿ ನನ್ನ ಮರ್ಯಾದೆ ಕಾಯೋದು ಸಾಕು."

"ಕೈ ನೋವು ಬಂದ್ರೆ ಬಾಯ್ಕೆ?" ಎಂದ ಮೆಲಿಸ್.

"ದೇವರು ಎರಡು ಕೈ ಕೊಟ್ಟಿದಾನೆ. ಬದಲಾಯಿಸ್ಕೋ."