ಪಂಜರ ತೂಗುಹಾಕಿದ ಕೈ

ವಕೀಲನನ್ನು ಎತ್ತಿಕೊಂಡು ಬಸ್ಸು ಹತ್ತಿದಾಗಲೆಲ್ಲ ಡ್ರೈವರ್ ಕೇಳುತ್ತಿದ್ದದ್ದು ಒಂದೇ ಮಾತು.

"ಯಾರ ಹಕ್ಕಿ, ಅಣ್ಣಂದಾ?"

"ನಂದು," ಎನ್ನುತ್ತಿದ್ದಳು ರಶ್ನಿ.

"ಆಯ್ತಾಯ್ತು. ಅಣ್ಣನ್ನ ಕೇಳ್ದೆ ಅಂತ ಹೇಳು."

ರಶ್ನಿಗೆ ಅಣ್ಣನೇ ಇರಲಿಲ್ಲ.

ವಕೀಲ ಎಂದರೆ ಮೊಂಡು ಕೊಕ್ಕಿನ ಕಪ್ಪು ತ್ವಾತ್ವಾ ಹಕ್ಕಿ. ಎದುರಾಳಿ ಕಣ್ಣಿಗೆ ಬಿದ್ದರೆ ಸಾಕು, ಕೊನೆಯ ಮಾತು ತನ್ನದಾಗುವ ತನಕ ಹಾಡು ನಿಲ್ಲಿಸುವುದಿಲ್ಲ. ಅದಕ್ಕೇ ಆ ಹೆಸರು. ಹಾಡುವ ಹಕ್ಕಿಗೆ ಊರಿನ ಗದ್ದಲ ರೂಢಿಯಾಗಬೇಕು. ಹಾಗಾಗಿ ಎರಡು ವರ್ಷದಿಂದ ವಕೀಲ ರಶ್ನಿಯ ಜೊತೆ ಮೀನುಪೇಟೆಗೆ, ದರ್ಜಿಯ ಅಂಗಡಿಗೆ, ಒಮ್ಮೆ ಹಲ್ಲಿನ ಡಾಕ್ಟರ ಬಳಿಗೂ ಹೋಗಿ ಬಂದಿದ್ದ. ಆದರೆ ಭಾನುವಾರ ಬೆಳಿಗ್ಗೆ, ರಾಜಧಾನಿ ಪಾರಾಮಾರಿಬೊದ ದೊಡ್ಡ ಚೌಕದ ಹುಲ್ಲಿನ ಮೇಲೆ, ಹಾಡುಹಕ್ಕಿಗಳ ಪಂದ್ಯಕ್ಕೆ ಪಂಜರವನ್ನು ಕಂಬಕ್ಕೆ ತೂಗುಹಾಕುತ್ತಿದ್ದವರು ಅವಳ ಅಜ್ಜ, ಆಜಾ. ಯಾರ ಕೈ ಪಂಜರ ತೂಗುಹಾಕುತ್ತದೋ ಅವರ ಹೆಸರೇ ಕರಿಹಲಗೆಯ ಮೇಲೆ. ಆ ಹಲಗೆಯ ಮೇಲೆ ಇದುವರೆಗೆ ಒಂದು ಹುಡುಗಿಯ ಹೆಸರೂ ಬಂದಿರಲಿಲ್ಲ.

ಈ ವರ್ಷ ಆಜಾನ ಕಿವಿ ಪೂರ್ತಿ ಕೈಕೊಟ್ಟಿತು. "ಈ ವರ್ಷದ ಪಂದ್ಯದ ಕಡೇ ಭಾನುವಾರ ನೀನೇ ಹಾಕು ಬೇಟಿ," ಎಂದರು ಅವರು. ಆ ವಾರವೆಲ್ಲ ರಶ್ನಿಗೆ ಅನ್ನ ಸೇರಲಿಲ್ಲ.

ಅದೇ ವಾರ ಹಾಲೆಂಡಿನಿಂದ ಸಿನಿಮಾದವರು ಬಂದಿಳಿದರು. ಸಿನಿಮಾದ ವಸ್ತು: ಏಳು ದೇಶ, ಏಳು ದೇಶದ ಹರೆಯದವರು, ಅವರ ಹವ್ಯಾಸಗಳು. ನಿರ್ದೇಶಕಿ ಮಾರ್ಲೂಸ್ ಒಳ್ಳೆಯ ಹೆಂಗಸು. ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದಳು, ಎಲ್ಲರ ಹೆಸರು ಬಾಯಿಪಾಠ ಮಾಡಿಕೊಂಡಳು. ತೊಂದರೆ ಇದ್ದದ್ದು ಅವಳು ವಿಮಾನದಲ್ಲೇ ಬರೆದು ಮುಗಿಸಿದ್ದ ಕಾಗದದಲ್ಲಿ. ಹಿಂದೂಸ್ತಾನಿ ಹುಡುಗಿ: ನೃತ್ಯ. ಕ್ರಿಯೋಲ್ ಹುಡುಗ: ಹಕ್ಕಿ ಪಂದ್ಯ.

ಹಿಂದೂಸ್ತಾನಿ ಹುಡುಗಿ ಎಂದರೆ ಭಾರತ ಮೂಲದ ರಶ್ನಿ. ಕ್ರಿಯೋಲ್ ಹುಡುಗ ಎಂದರೆ ಆಫ್ರಿಕಾ ಮೂಲದ, ಪಕ್ಕದ ಮನೆಯ ಮಾರ್ಸಿಯಾನೊ. ಹಿಂದಿ ಸಿನಿಮಾದ ಕುಣಿತವನ್ನೆಲ್ಲ ರಶ್ನಿಯ ಅಮ್ಮನ ಟಿವಿಯ ಮುಂದೆ ಕಲಿತವನು. ಐದನೇ ವಯಸ್ಸಿನಲ್ಲಿ ಒಂದು ಕೋಳಿ ಅಟ್ಟಿಸಿಕೊಂಡು ಬಂದಂದಿನಿಂದ ರೆಕ್ಕೆ ಇರುವ ಯಾವುದರ ಹತ್ತಿರವೂ ಸುಳಿಯದವನು. ಇನ್ನು ರಶ್ನಿ ಕುಣಿದರೆ, ಅವಳ ಅಮ್ಮನೇ ಹೇಳುವಂತೆ, ಮೆಟ್ಟಿಲಿಂದ ಮಂಚ ಇಳಿಸಿದ ಹಾಗಿರುತ್ತಿತ್ತು.

"ಇವತ್ತೊಂದಿನ ಹೊಂದ್ಕೊಂಡ್ಹೋಗು," ಎಂದು ಭಾನುವಾರ ಬೆಳಿಗ್ಗೆ ಚೌಕದಲ್ಲಿ ರಶ್ನಿಗೆ ಹೇಳಿದ ಸೋಮೊ. ಪಂದ್ಯದ ತೀರ್ಪುಗಾರನೂ ಅವನೇ, ಹಕ್ಕಿ ಸಂಘದ ಅಧ್ಯಕ್ಷನೂ ಅವನೇ. ಸಿನಿಮಾಕ್ಕೆಂದು ಹೊಸ ಟೋಪಿ ಹಾಕಿಕೊಂಡು ಬಂದಿದ್ದ. "ಮಾರ್ಸಿಯಾನೊ ತೂಗುಹಾಕ್ಲಿ. ಮುಂದಿನ್ವರ್ಷ ನಿನ್ಹೆಸ್ರು ಬರೆಯೋಣ."

"ಮುಂದಿನ್ವರ್ಷ ವಕೀಲ ಹಾಡ್ತಾನೋ ಇಲ್ವೋ."

"ಹಾಡ್ತಾನೆ ಬಿಡು. ವಕೀಲ್ರು ಬಾಯ್ಮುಚ್ಚಿದ್ದು ನೋಡಿದ್ದೀಯಾ?"

ಅಷ್ಟರಲ್ಲಿ ಮಾರ್ಲೂಸ್ ಕನ್ನಡಿ ಚೂರು ಹೊಲಿದ ಕೆಂಪು ಲಂಗ ತಂದು ರಶ್ನಿಯ ಜೀನ್ಸಿನ ಮೇಲೆಯೇ ಕಟ್ಟಿಸಿದಳು. "ನೀನು ಆ ಮರದ ಹತ್ರ ಕುಣೀತಿರು. ಅವನ ಹಕ್ಕಿ ಗೆದ್ದಾಗ ಖುಷಿಯಿಂದ ಚಪ್ಪಾಳೆ ತಟ್ಟು. ಆಯ್ತಾ?"

ದೂರದ ಮಡಚುವ ಕುರ್ಚಿಯಲ್ಲಿ ಕುಳಿತಿದ್ದ ಆಜಾನಿಗೆ ಏನೂ ಕೇಳಿಸಲಿಲ್ಲ. ಲಂಗ ಮಾತ್ರ ಕಂಡಿತು. ಅವರು ಹುಬ್ಬು ಗಂಟಿಕ್ಕಿ, ಗಾಳಿಯಲ್ಲಿ ಕೈಯೆತ್ತಿ ಪಂಜರ ತೂಗುಹಾಕುವ ಸನ್ನೆ ಮಾಡಿದರು: ಯಾವಾಗ?

ಎದುರಾಳಿ ಹರ್ಮನ್ ಮಾಮ ತನ್ನ ಪಂಜರವನ್ನು ಆಗಲೇ ತೂಗುಹಾಕಿ ಹಿಂದೆ ಸರಿದಿದ್ದ. ಕ್ಯಾಮೆರಾ ತಿರುಗಿತು. ಮಾರ್ಸಿಯಾನೊ ವಕೀಲನ ಪಂಜರವನ್ನು ಚಾಚಿದ ಕೈಯಲ್ಲಿ, ಕುದಿಯುವ ಸಾರಿನ ಪಾತ್ರೆಯಂತೆ ಹಿಡಿದು ಕಂಬದವರೆಗೆ ಬಂದ. ವಕೀಲ ಒಮ್ಮೆ ರೆಕ್ಕೆ ಬಡಿದ. ಪಂಜರ ನಡುಗತೊಡಗಿತು. ಸೋಮೊ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ 'ಮಾರ್' ಎನ್ನುವಷ್ಟು ಬರೆದಿದ್ದ.

"ನನ್ಕೈಲಾಗಲ್ಲ," ಎಂದ ಮಾರ್ಸಿಯಾನೊ. "ಮೇಡಂ, ಹಕ್ಕಿ ಅವಳ್ದು, ಡ್ಯಾನ್ಸ್ ನಂದು. ನಿಮ್ ಕಾಗ್ದದಲ್ಲಿ ತಲೆಕೆಳ್ಗಾಗಿ ಬರ್ದಿದೆ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ರಶ್ನಿ ಯಾರ ಮುಖವನ್ನೂ ನೋಡಲಿಲ್ಲ. ಮಿನುಗುವ ಬಟ್ಟೆ ಕಂಡರೆ ವಕೀಲ ಬೆದರುತ್ತಾನೆ; ಅದೊಂದೇ ಅವಳ ತಲೆಯಲ್ಲಿದ್ದದ್ದು. ಲಂಗದ ಲಾಡಿ ಬಿಚ್ಚಿ, ಅದನ್ನು ಮಾರ್ಸಿಯಾನೊನ ಹೆಗಲ ಮೇಲೆ ಎಸೆದು, ಅವನ ಕೈಯಿಂದ ಪಂಜರ ತೆಗೆದುಕೊಂಡು ಕೊಕ್ಕೆಗೆ ತೂಗುಹಾಕಿದಳು.

ಸೋಮೊ ಮಾರ್ಲೂಸಳನ್ನು ನೋಡಿದ. ರಶ್ನಿಯ ಕೈ ನೋಡಿದ. ಹೊಸ ಟೋಪಿ ತೆಗೆದು ಅದರಿಂದಲೇ 'ಮಾರ್' ಅಳಿಸಿ 'ರಶ್ನಿ' ಎಂದು ಬರೆದ.

ಪಂದ್ಯದ ಅವಧಿ ಹತ್ತು ನಿಮಿಷ. ಐವತ್ತು ಗಂಡಸರು ಕೈಕಟ್ಟಿ ಎರಡು ಪಂಜರಗಳನ್ನೇ ನೋಡುತ್ತ ನಿಂತರು. ಒಂದೊಂದು ಹಾಡಿಗೆ ಸೋಮೊನಿಂದ ಹಲಗೆಯ ಮೇಲೆ ಒಂದೊಂದು ಗೀಟು.

"ಯಾವಾಗ ಶುರು?" ಎಂದು ಮಾರ್ಲೂಸ್ ಪಿಸುಗುಟ್ಟಿದಳು.

"ಅರ್ಧ ಮುಗೀತು," ಎಂದ ಮಾರ್ಸಿಯಾನೊ.

ಸಮಯ ಮುಗಿದಾಗ ಹರ್ಮನ್ ಮಾಮನ ಹಕ್ಕಿಗೆ ಮೂವತ್ತೆಂಟು, ವಕೀಲನಿಗೆ ಮೂವತ್ತೇಳು. ಒಂದೇ ಒಂದು ಗೀಟಿನ ಸೋಲು. ಆದರೂ ಹಲಗೆಯ ಮೇಲೆ ರಶ್ನಿಯ ಹೆಸರಿತ್ತು, ಅದರ ಮುಂದೆ ಮೂವತ್ತೇಳು ಗೀಟಿತ್ತು. ಅಳಬೇಕೋ ನಗಬೇಕೋ ಅವಳು ತೀರ್ಮಾನಿಸುವ ಮೊದಲೇ ಆಜಾ ಕುರ್ಚಿಯಿಂದ ಎದ್ದು ಬಂದರು.

"ಮೂವತ್ತೆಂಟು."

"ಆಜಾ," ಸೋಮೊ ಅವರ ಕಿವಿಯತ್ತ ಬಾಗಿ ಕೂಗಿದ, "ನಿಮ್ಗೆ ಕಿವಿ ಕೇಳ್ಸಲ್ಲ."

"ಅದಕ್ಕೇ ಕಣೋ ಕಣ್ಣಲ್ಲಿ ಎಣಿಸ್ದೆ. ವಕೀಲನ ಗಂಟ್ಲು ಮೂವತ್ತೆಂಟು ಸಲ ಉಬ್ತು. ಆ ಲಾರಿ ಹೋಯ್ತಲ್ಲ, ಆಗ ನೀನು ಲಾರಿ ನೋಡ್ತಿದ್ದೆ."

ಲಾರಿಯೊಂದು ಹಾರನ್ ಬಾರಿಸಿ ಹೋದದ್ದು ನಿಜ. ಹಾಗೆಂದು ಕಿವುಡ ಮುದುಕನ ಲೆಕ್ಕ ಯಾರು ಒಪ್ಪುತ್ತಾರೆ? ಆಗ ಅಲ್ಲಿಯವರೆಗೂ ಬಾಯಿಬಿಡದಿದ್ದ ಕ್ಯಾಮೆರಾದವನು ಅಂಜುತ್ತಲೇ ಕೈಯೆತ್ತಿದ. ಆ ಮರದ ಹತ್ತಿರ ಕುಣಿಯುವವರು ಯಾರೂ ಇರಲಿಲ್ಲವಲ್ಲ, ಬೇರೇನೂ ತೋಚದೆ ಹತ್ತು ನಿಮಿಷವೂ ವಕೀಲನ ಗಂಟಲನ್ನೇ ಹಿಡಿದಿದ್ದ. ಅಂಗೈಯಗಲದ ಪರದೆಯ ಸುತ್ತ ಟೋಪಿಗಳು ಮುಗಿಬಿದ್ದವು. ಲಾರಿಯ ಅಬ್ಬರದ ನಡುವೆ ಕಪ್ಪು ಗಂಟಲು ಒಮ್ಮೆ ಉಬ್ಬಿ ಇಳಿಯಿತು.

"ಬರೆದದ್ದು ಬರೆದಾಯ್ತು," ಎಂದು ಸೋಮೊ ತಡವರಿಸಿದ. "ಸಿನಿಮಾ ನೋಡಿ ಗೀಟು ಎಳೆಯೋ ನಿಯಮ ಇಲ್ಲ."

ಹರ್ಮನ್ ಮಾಮ ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ರಶ್ನಿಯ ಹೆಸರಿನ ಮುಂದೆ ತಾನೇ ಒಂದು ಗೀಟು ಎಳೆದ. "ಒಂಬತ್ತು ವರ್ಷ ಆಯ್ತು ಒಬ್ನೇ ಗೆದ್ದೂ ಗೆದ್ದೂ. ಜೊತೆಗೊಬ್ರು ಇರ್ಲಿ ಬಿಡೋ. ಈ ಹುಡ್ಗಿ ಹಕ್ಕೀನ ಹಲ್ಲಿನ ಡಾಕ್ಟ್ರಿಗೆಲ್ಲ ತೋರಿಸ್ತಾಳಂತೆ. ನಾನು ನನ್ಹೆಂಡ್ತೀನೂ ಕರ್ಕೊಂಡು ಹೋಗಿಲ್ಲ."

ಆಮೇಲೆ ಚೌಕದಲ್ಲಿ ಆದದ್ದು ಪಂದ್ಯವಲ್ಲ, ಮದುವೆಮನೆ. ಯಾರೋ ಫೋನಿನಲ್ಲಿ ಹಾಡು ಹಚ್ಚಿದರು. ಮಾರ್ಸಿಯಾನೊ ಕೆಂಪು ಲಂಗ ಉಟ್ಟು ಒಂದು ಸುತ್ತು ತಿರುಗಿದ. ಕನ್ನಡಿ ಚೂರುಗಳು ಐವತ್ತು ಮುಖಗಳ ಮೇಲೆ ಬಿಸಿಲು ಎರಚಿದವು. ಆಜಾ ಮಾತ್ರ ಕರಿಹಲಗೆಯ ಮುಂದೆ ನಿಂತು, ಬೆರಳಿಟ್ಟು ಒಂದೊಂದೇ ಗೀಟು ಎಣಿಸುತ್ತಿದ್ದರು. ಮಾರ್ಲೂಸ್ ಹುಲ್ಲಿನ ಮೇಲೆ ಕುಳಿತು ಕಾಗದ ಮಗುಚಿ, ಖಾಲಿ ಬದಿಯಲ್ಲಿ ಪೆನ್ನೂರಿ ಕೇಳಿದಳು: "ರಶ್ನಿ, ಮೊದಲಿಂದ ಹೇಳು. ಹಕ್ಕೀನ ಬಸ್ಸಲ್ಲಿ ಯಾಕೆ ಕರ್ಕೊಂಡು ಹೋಗ್ತೀರಿ?"

ಮಧ್ಯಾಹ್ನ ರಶ್ನಿ, ಆಜಾ, ಮಾರ್ಸಿಯಾನೊ ಮೂವರೂ ಮನೆಗೆ ಹೊರಟರು. ಅದೇ ಬಸ್ಸು, ಅದೇ ಡ್ರೈವರ್.

"ಗೆದ್ದ್ಯಾ? ಅಣ್ಣನ ಹಕ್ಕಿ ತಾನೆ ಇದು?"

ರಶ್ನಿ ಬಾಯಿ ತೆರೆಯುವ ಮೊದಲೇ ಮಾರ್ಸಿಯಾನೊ ಲಂಗದ ನೆರಿಗೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದ.

"ಅಣ್ಣ ನಾನೇ," ಎಂದ. "ಹಕ್ಕಿ ಅವಳ್ದು."

ಡ್ರೈವರ್ ಅವನನ್ನು ಮೇಲಿಂದ ಕೆಳಗೆ ನೋಡಿ ಬಾಗಿಲು ಮುಚ್ಚಿದ. ರಶ್ನಿಯ ತೊಡೆಯ ಮೇಲೆ ವಕೀಲ ಮತ್ತೆ ವಾದ ಶುರುಮಾಡಿದ. ಆಜಾ ಅವನ ಗಂಟಲು ನೋಡುತ್ತ ಒಂದು, ಎರಡು ಎಂದು ಬೆರಳು ಮಡಚತೊಡಗಿದರು.